ಉಣುಗಿಗೆ ಕೀಲಿ ಕೊಡುವವರು

ಬಯಲಿನ ಹುಲ್ಲು ಬಲಿತು ಹಳದಿಯಾಗಿತ್ತು. ಇಬ್ಬನಿ ಆರುವ ಮೊದಲೇ ದೊಡ್ಡಮ್ಮನ ಕುಡುಗೋಲು ಅಲ್ಲಿ ಸರಕ್ ಸರಕ್ ಎನ್ನುತ್ತಿತ್ತು. ವರಸೆಯಲ್ಲಿ ಅವಳು ಯಾರಿಗೂ ದೊಡ್ಡಮ್ಮನಲ್ಲ, ಕೇರಿಗೆಲ್ಲ ದೊಡ್ಡಮ್ಮ. ಹೋದ ತಿಂಗಳು ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಮಾಡು ಸೋರಿದಾಗ, ಇಡೀ ಒಂದು ದಿನ ಮೇಲೆ ಕೂತು ಹೆಂಚು ಸರಿಮಾಡಿದ್ದಳು. ಅದಕ್ಕೆ ಬದಲಾಗಿ ಅವನು ಇವತ್ತು ಮುಯ್ಯಾಳಾಗಿ ಬಂದು ಒಂದು ದಿನ ಹುಲ್ಲು ಕೊಯ್ದುಕೊಡಬೇಕಿತ್ತು.

"ನಾಳೆ ಸಂಜೆಗೆ ಮಳೆ ಬರೋ ಹಾಗಿದೆ. ಹುಲ್ಲು ನೆನೆದ್ರೆ ನನ್ನ ಹಸುಗಳು ನಿನ್ನ ಗಡಿಯಾರ ಮೇಯ್ಬೇಕಾಗುತ್ತೆ, ನೆನಪಿರ್ಲಿ," ಎಂದು ನಿನ್ನೆಯೇ ಎಚ್ಚರಿಸಿದ್ದಳು.

ಅವನು ಕೆಲಸಕ್ಕೆ ಹೆದರುವವನಲ್ಲ. ಹೆದರಿದ್ದು ಉಣುಗಿಗೆ. ಎಳ್ಳಿನಷ್ಟು ಹುಳ; ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತದೆ, ಸವರಿಕೊಂಡು ಹೋದವರ ಮೈ ಹತ್ತುತ್ತದೆ, ರಕ್ತ ಹೀರುತ್ತದೆ.

"ಊಟ ಇಲ್ದೆ ತಿಂಗಳುಗಟ್ಟಲೆ ಕಾಯುತ್ತೆ ಕಣ್ರೀ!" ಎಂದು ಬೆಳಿಗ್ಗೆ ನೆರೆಮನೆಯ ಔಷಧಿ ಅಂಗಡಿಯವನು ಬೇಲಿಯಾಚೆಯಿಂದ ಕಣ್ಣರಳಿಸಿದ. "ಬಿಳಿ ಬಟ್ಟೆ ಹಾಕ್ಕೊಳ್ಳಿ, ಹತ್ತಿದ್ದು ಕಾಣುತ್ತೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ತೂರಿಸಿ."

ಇಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಗಡಿಯಾರದವನು ಪ್ಯಾಂಟಿನ ಮೇಲೆ ಇನ್ನೊಂದು ಪ್ಯಾಂಟು ಏರಿಸಿದ. ಕಾಲುಚೀಲಕ್ಕೆ ದಾರ ಸುತ್ತಿದ. ತಲೆಗೆ ದಿಂಬಿನ ಚೀಲ ಹಾಕಿ ಕಣ್ಣಿಗೆ ಎರಡು ತೂತು ಕೊರೆದ. ಶತ್ರುವನ್ನು ಮೊದಲೇ ಕಂಡುಹಿಡಿಯಲು, ಗಡಿಯಾರ ನೋಡುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡ.

"ರೀ, ಹೊರಟಿರೋದು ಹುಲ್ಲಿಗೋ ದರೋಡೆಗೋ?" ಎಂದಳು ಹೆಂಡತಿ.

ಬಯಲು ತಲುಪುವಾಗ ಬಿಸಿಲು ನೆತ್ತಿಗೇರಿತ್ತು.

"ಬಂದ್ಯಾ ಮಾರಾಯ? ಬೆದರುಬೊಂಬೆ ಕೋಲು ಬಿಟ್ಟು ನಡ್ಕೊಂಡ್ ಬರ್ತಿದೆ ಅಂದ್ಕೊಂಡೆ!"

ಕುಡುಗೋಲು ಹಿಡಿದರೆ ಸೊಂಟ ಬಗ್ಗದು, ಸೊಂಟ ಬಗ್ಗಿದರೆ ಮಂಡಿ ಮಡಚದು. ಮೇಲಾಗಿ ಪ್ರತಿಯೊಂದು ಹಿಡಿ ಹುಲ್ಲನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿಯೇ ಕೊಯ್ಯುತ್ತಿದ್ದ. ಏಳನೆಯ ಹಿಡಿಗೆ ಬಯಲು ಗಿರ್ರನೆ ತಿರುಗಿತು. ಗೋಡೆಗೆ ಒರಗಿಸಿದ ಏಣಿ ಜಾರಿದಂತೆ ಉದ್ದಕ್ಕೆ ಬಿದ್ದ.

ಹುಲ್ಲು ಹೇರಬೇಕಾದ ತಳ್ಳುಗಾಡಿಯಲ್ಲಿ ದೊಡ್ಡಮ್ಮ ಅವನನ್ನು ಹೇರಿಕೊಂಡು ಬಂದಳು. ಮನೆ ಮುಟ್ಟುವಷ್ಟರಲ್ಲಿ ಮಳೆ ಸುರಿಯಿತು. ಕೊಯ್ದ ಹುಲ್ಲೆಲ್ಲ ಬಯಲಿನಲ್ಲೇ ನೆನೆಯಿತು.

ಹೆಂಡತಿ ಅವನ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿದಳು. ಕುದಿಸಲಾಗದ ಭೂತಗನ್ನಡಿಯನ್ನು ಮಾತ್ರ ದಿಂಬಿನ ಪಕ್ಕದಲ್ಲಿಟ್ಟಳು. ಔಷಧಿ ಅಂಗಡಿಯವನು ಬ್ಯಾಟರಿ ಹಿಡಿದು ಅವನ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗವೆಲ್ಲ ಹುಡುಕಿದ.

"ಅಬ್ಬಾ! ಒಂದೂ ಇಲ್ಲ!"

ತನ್ನ ಕಾಲಿನಿಂದ ಐದನೆಯದನ್ನು ಕಿತ್ತುಹಾಕುತ್ತಿದ್ದ ದೊಡ್ಡಮ್ಮನೂ ಬೆರಗಾಗಿ ತಲೆಯೆತ್ತಿದಳು. ಅವನು ಗೆದ್ದವನಂತೆ ಎದ್ದು ಕೂತ. ತಾನೂ ಒಮ್ಮೆ ನೋಡಿಯೇಬಿಡೋಣವೆಂದು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿದ. ಅದರ ದಾರ ಮುಂದೆ ಜೋತಾಡಿತು.

ದಾರದ ಮೇಲೆ ಅದು ನಡೆದುಬರುತ್ತಿತ್ತು.

ಕೂಗಲು ಬಾಯಿ ತೆರೆದವನು ಹಾಗೆಯೇ ಉಳಿದ. ಎಂಟು ಕಾಲು, ಒಂದೊಂದರಲ್ಲೂ ಸಾಲು ಸಾಲು ಕೀಲು. ಬೆನ್ನು ಒಪ್ಪ ಹಾಕಿದ ಹರಳು. ಮುಂಗಾಲೆರಡರಿಂದ ಗಾಳಿಯನ್ನು ತಡಕುತ್ತ, ಒಂದು ಹೆಜ್ಜೆಯೂ ತಪ್ಪದೆ ಏರುತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಬಿಚ್ಚಿದ ಯಾವ ಗಡಿಯಾರದೊಳಗೂ ಇಂಥ ನಾಜೂಕು ಕೆಲಸ ಕಂಡಿರಲಿಲ್ಲ.

"ದೊಡ್ಡಮ್ಮಾ..." ಉಸಿರು ಬಿಗಿಹಿಡಿದು ಹೇಳಿದ. "ಇದಕ್ಕೆ ಕೀಲಿ ಕೊಡೋರು ಯಾರು?"

ಅದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಮಬ್ಬಾಯಿತು, ಮಾಯವಾಯಿತು.

"ಎಲ್ಲಿ ಹೋಯ್ತು?"

"ಹುಬ್ಬು ಅಲ್ಲಾಡಿಸ್ಬೇಡ," ಎಂದಳು ದೊಡ್ಡಮ್ಮ. ಅವನದೇ ಗಡಿಯಾರದ ಚಿಮಟ ತೆಗೆದುಕೊಂಡು, ಹುಬ್ಬಿನ ಕೂದಲಿನಿಂದ ಅದನ್ನು ಮೆಲ್ಲಗೆ ಎತ್ತಿದಳು.

"ಕೊಲ್ಬೇಡಿ! ಇನ್ನೊಂದ್ಸಲ ನೋಡ್ತೀನಿ."

"ಆಗ್ಲೇ ಬಿಸಿನೀರಿಗೆ ಹಾಕ್ದೆ." ದೊಡ್ಡಮ್ಮ ಚಿಮಟ ಒರೆಸಿಟ್ಟು ಎದ್ದಳು. "ನೋಡೋ ಆಸೆ ಇದ್ರೆ ನಾಳೆ ಬೇಗ ಬಾ, ಬಯಲು ತುಂಬ ಇವೆ. ಹಳೇದೊಂದು ದಿನ, ನೆನೆದ ಹುಲ್ಲು ಒಣಗಿಸೋಕೆ ಒಂದು ದಿನ. ನಿಂದು ಎರಡು ದಿನ ಬಾಕಿ."