ವಾಲ್ಡೆಮಾರ್ ಫುಟ್‌ಪಾತ್ ತೊಳೆದದ್ದು

ತನ್ನನ್ನು ಅಲುಗಾಡಿಸುವ ಶಕ್ತಿ ಈ ವರ್ಷದ ಯಾವ ಹಿಮಕ್ಕೂ ಇಲ್ಲ ಎಂದು ವಾಲ್ಡೆಮಾರ್ ನವೆಂಬರಿನಲ್ಲೇ ಘೋಷಿಸಿಬಿಟ್ಟಿದ್ದ. ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದಲ್ಲ. ಕಟ್ಟಡದ ನಾಲ್ಕೂ ಬಾಡಿಗೆ ಸಂಸಾರಗಳು ಸೇರಿದ್ದ ಸಭೆಯಲ್ಲಿ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು!

ಮ್ಯೂನ್ಸಿಂಗನ್ ಪೇಟೆಯಲ್ಲಿ ಅವನದೊಂದು ಕನ್ನಡಕದಂಗಡಿ. ಗಿರಾಕಿ ಬಾಗಿಲನ್ನು ಸ್ವಲ್ಪ ಜೋರಾಗಿ ತಳ್ಳಿದರೂ ಬೆಚ್ಚಿಬೀಳುವ ಆಸಾಮಿ. ಅಂಥವನು ಆ ಶರತ್ಕಾಲದಲ್ಲಿ ಸಂಜೆಶಾಲೆಯ ‘ಮನೋಬಲ’ ತರಗತಿಗೆ ಸೇರಿದ್ದೇ ತಡ, ಮನುಷ್ಯನೇ ಬೇರೆಯಾಗಿಹೋದ. ಹಾಲು ಉಕ್ಕಿದರೆ ಕಣ್ಣುಮುಚ್ಚಿ ಉಸಿರೆಳೆದುಕೊಂಡು ಮುಗುಳ್ನಗುತ್ತಿದ್ದ. ಒಲೆ ಒರೆಸುವ ಕೆಲಸ ಮಾತ್ರ ಹೆಂಡತಿ ಹೆಡ್ವಿಗಳ ಪಾಲಿಗೆ ಬರುತ್ತಿತ್ತು.

ಸಭೆ ಸೇರಿದ್ದು ಕಟ್ಟಡದ ಮುಂದಿನ ಫುಟ್‌ಪಾತಿನ ಸಲುವಾಗಿ. ಬೆಳಗ್ಗೆ ಏಳರೊಳಗೆ ಅಲ್ಲಿ ಬಿದ್ದ ಹಿಮ ತೆಗೆದು, ಕಾಲು ಜಾರದಂತೆ ಜಲ್ಲಿಪುಡಿ ಎರಚಿರಬೇಕು. ಉಪ್ಪು ಹಾಕುವಂತಿಲ್ಲ, ಮರದ ಬೇರು ಸಾಯುತ್ತದೆಂದು ಪುರಸಭೆಯ ನಿಷೇಧ. ಯಾರಾದರೂ ಜಾರಿ ಬಿದ್ದರೆ ಆ ವಾರದ ಪಾಳಿ ಯಾರದೋ ಅವರೇ ಕಾನೂನಿಗೆ ಉತ್ತರ ಹೇಳಬೇಕು. ಪಾಳಿ ಹಂಚಿಕೊಳ್ಳೋಣ ಎಂದು ಎಲ್ಲರೂ ಗೊಣಗುತ್ತಿರುವಾಗ ನಮ್ಮ ವೀರ ಎದ್ದ.

“ಪಾಳಿ ಯಾಕೆ? ಇಡೀ ಚಳಿಗಾಲ ನನಗೆ ಬಿಡಿ. ಮನಸ್ಸು ಗಟ್ಟಿ ಇದ್ದೋನಿಗೆ ಹಿಮ ಅಂದ್ರೆ ಹತ್ತಿ!”

ಕೆಳಗಿನ ಮನೆಯ ಮುದುಕಿ ಮೌಟೆಯಮ್ಮ ಹೆಣಿಗೆ ಕಡ್ಡಿ ನಿಲ್ಲಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಹತ್ತಿನಾ? ಒಳ್ಳೇದಾಯ್ತಪ್ಪ. ಬರೆದುಕೊಳ್ಳಿ, ಬರೆದುಕೊಳ್ಳಿ, ಮನಸ್ಸು ಬದಲಾಯಿಸೋದರೊಳಗೆ.”

ಮನೆಗೆ ಬಂದ ಮೇಲೆ ಹೆಡ್ವಿಗ್ ಕೇಳಿದಳು, “ನಿನ್ನ ಸೊಂಟ ಕೇಳಿ ಒಪ್ಕೊಂಡ್ಯಾ, ಇಲ್ಲ ನೀನೊಬ್ನೇ ತೀರ್ಮಾನ ಮಾಡಿದ್ಯಾ?”

“ಸೊಂಟಾನೂ ಮನಸ್ಸಿನ ಮಾತು ಕೇಳುತ್ತೆ, ಹೆಡ್ವಿಗ್.”

“ನನ್ನ ಮಾತು ಕೇಳೋರು ಈ ಮನೇಲಿ ಯಾರೂ ಇಲ್ಲ ಅಂತಾಯ್ತು.”

ಡಿಸೆಂಬರ್ ಪೂರ್ತಿ ಒಂದು ಚೂರು ಹಿಮ ಬೀಳಲಿಲ್ಲ. ವಾಲ್ಡೆಮಾರ್ ಅದನ್ನೂ ತನ್ನ ಸಾಧನೆಯ ಲೆಕ್ಕಕ್ಕೇ ಸೇರಿಸಿಕೊಂಡ. ದಿನಾ ಬೆಳಗ್ಗೆ ಹೊಸ ಸಲಿಕೆಯನ್ನು ಹೆಗಲಿಗೇರಿಸಿ ಒಣ ಫುಟ್‌ಪಾತಿನ ಮೇಲೆ ಗಸ್ತು ತಿರುಗುತ್ತಿದ್ದ.

ಜನವರಿಯಲ್ಲಿ, ನರ್ಸಾಗಿದ್ದ ಹೆಡ್ವಿಗ್ ಆಸ್ಪತ್ರೆಯ ರಾತ್ರಿಪಾಳಿಗೆ ಹೋಗಿದ್ದ ದಿನ, ಆಕಾಶ ಅಷ್ಟೂ ದಿನದ ಬಾಕಿಯನ್ನು ಒಟ್ಟಿಗೆ ಸುರಿಯಿತು. ಬೆಳಗ್ಗೆ ಕದ ತೆರೆದರೆ ಮೆಟ್ಟಿಲಿಲ್ಲ, ಬೇಲಿಯಿಲ್ಲ, ಫುಟ್‌ಪಾತಂತೂ ಇಲ್ಲವೇ ಇಲ್ಲ! ವಾಲ್ಡೆಮಾರ್ ಉಸಿರೆಳೆದುಕೊಂಡ. ಮುಗುಳ್ನಕ್ಕ. ಮೊದಲ ಸಲಿಕೆ ಹಿಮವನ್ನು ಎತ್ತಿ ಹಿಂದಕ್ಕೆ ಎಸೆದ.

“ಅಯ್ಯೋ ಪುಣ್ಯಾತ್ಮ! ಅದು ನನ್ನ ಕಿಟಕಿ!” ಮೌಟೆಯಮ್ಮನ ದನಿ. ಗಾಳಿಗೆಂದು ಕಿಟಕಿ ತೆರೆದಿಟ್ಟಿದ್ದಳಂತೆ. ಹಿಮ ನೇರವಾಗಿ ಅವಳ ಹಾಸಿಗೆಯ ಮೇಲೆ ಹೋಗಿ ಕುಳಿತಿತ್ತು.

ಕ್ಷಮೆ ಕೇಳಿ, ದಿಕ್ಕು ಬದಲಿಸಿ, ಎಲ್ಲವನ್ನೂ ರಸ್ತೆಯ ಅಂಚಿಗೆ ಗುಡ್ಡೆ ಹಾಕಿದ. ಬೆವರಿಳಿಯಿತು. ಫುಟ್‌ಪಾತ್ ಕಂಡಿತು. ಇನ್ನೇನು ಬೆನ್ನು ನೇರ ಮಾಡಬೇಕು, ಪುರಸಭೆಯ ಹಿಮ ತಳ್ಳುವ ಲಾರಿ ಗುಡುಗುಡು ಬಂತು. ಚಾಲಕ ಕೈಬೀಸಿ ಸ್ನೇಹದಿಂದ ನಕ್ಕ. ವಾಲ್ಡೆಮಾರ್ ಹಾಕಿದ ಗುಡ್ಡೆಯನ್ನು, ಜೊತೆಗೆ ಎದುರು ಬೀದಿಯ ಹಿಮವನ್ನೂ ಬಡ್ಡಿಯಂತೆ ಸೇರಿಸಿ, ಪೂರ್ತಿ ಫುಟ್‌ಪಾತಿನ ಮೇಲೇ ಕವುಚಿ ಮುಂದೆ ಹೋದ.

ಮನೋಬಲದ ಕಟ್ಟಡದಿಂದ ಮೊದಲ ಇಟ್ಟಿಗೆ ಕಳಚಿದ್ದು ಆಗ. ಎರಡನೆಯ ಸಲ ಸಲಿಕೆ ಎತ್ತಿದಾಗ ಸೊಂಟದಲ್ಲಿ ‘ಕಳಕ್’ ಎಂದಿತು. ಬಗ್ಗಿದವನು ಬಗ್ಗಿದ ಹಾಗೇ ನಿಂತ. ಏಳು ಗಂಟೆ ಹತ್ತಿರವಾಗುತ್ತಿತ್ತು. ಆಗ ಅವನ ತಲೆಯಲ್ಲಿ ಆ ಮಹಾ ಯೋಚನೆ ಹೊಳೆಯಿತು. ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ನಲ್ಲಿಯಿದೆ, ನಲ್ಲಿಯಲ್ಲಿ ಬಿಸಿನೀರಿದೆ, ತೋಟಕ್ಕೆ ನೀರು ಹಾಯಿಸುವ ಉದ್ದನೆಯ ಪೈಪೂ ಇದೆ!

ಹಿಮ ಬೆಣ್ಣೆಯಂತೆ ಕರಗಿತು. ಹಬೆ ಮೇಲೆದ್ದಿತು. ಅದರ ನಡುವೆ ಪೈಪು ಹಿಡಿದು, ಬಗ್ಗಿದ ಸೊಂಟದಲ್ಲೇ, ಯಜ್ಞ ಮುಗಿಸಿದ ಋಷಿಯಂತೆ ನಿಂತ ವಾಲ್ಡೆಮಾರ್. ಕಪ್ಪಗೆ ಮಿರಮಿರ ಮಿಂಚುವ ಫುಟ್‌ಪಾತ್! ಅಷ್ಟು ಚೊಕ್ಕಟ ಫುಟ್‌ಪಾತನ್ನು ಆ ಬೀದಿ ಕಂಡಿರಲಿಲ್ಲ. ಅದರ ಫೋಟೋ ತೆಗೆದು ಮನೋಬಲದ ಮೇಷ್ಟ್ರಿಗೆ ಕಳಿಸಿ, ಕಾಫಿ ಕುಡಿಯಲು ಒಳಗೆ ಹೋದ.

ಕಾಫಿಗಿಂತ ಮೊದಲೇ ತಣ್ಣಗಾದದ್ದು ಫುಟ್‌ಪಾತ್. ಸುರಿದ ನೀರೆಲ್ಲ ಹೆಪ್ಪುಗಟ್ಟಿ, ಕನ್ನಡಿಯಾಗಿತ್ತು.

ಮೊದಲು ಬಂದದ್ದು ಮೌಟೆಯಮ್ಮನ ಗಿಡ್ಡಕಾಲಿನ ನಾಯಿ. ಗೇಟು ದಾಟಿದ್ದೇ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ, ಹೊಟ್ಟೆಯ ಮೇಲೆ ಬಿದ್ದು, ಯಾವ ಪ್ರಯತ್ನವೂ ಇಲ್ಲದೆ ಬೀದಿಯ ತುದಿಯ ಕಡೆಗೆ ಮೆಲ್ಲಗೆ ಸಾಗಿತು. ಹಿಂದೆಯೇ ಅಂಚೆ ಹಂಚುವ ಹೆಂಗಸು. ಅವಳು ಬೇಲಿಯನ್ನು ಅಪ್ಪಿಕೊಂಡು ಉಳಿದಳು, ಕಾಗದಗಳು ಉಳಿಯಲಿಲ್ಲ.

“ಇದ್ಯಾರ್ರೀ ಮಾಡಿದ್ದು? ತಲೆ ಸರಿ ಇದೆಯಾ?” ಎಂದಳು ಬೇಲಿ ಬಿಡದೆ.

“ನಾನೇ,” ಎಂದ ವಾಲ್ಡೆಮಾರ್ ಕಿಟಕಿಯಿಂದ. “ಅಲ್ಲೇ ಇರಿ! ಅಲುಗಾಡಬೇಡಿ! ಬಂದೆ!”

ಜಲ್ಲಿಪುಡಿ! ನೆಲಮಾಳಿಗೆಗೆ ಓಡಿದ. ಓಡಿದ ಎಂದರೆ, ಬಗ್ಗಿಕೊಂಡು ಗೋಡೆ ಹಿಡಿದು ಹೋದ. ಪುಡಿಯ ಪೆಟ್ಟಿಗೆಯ ಮುಚ್ಚಳ ಇಡೀ ಡಿಸೆಂಬರ್ ತೆರೆದೇ ಇತ್ತು. ಕಿಟಕಿಯಿಂದ ಸೋರಿದ ನೀರಿಗೆ ಪುಡಿಯೆಲ್ಲ ಹೆಪ್ಪುಗಟ್ಟಿ ಒಂದೇ ಬಂಡೆಯಾಗಿತ್ತು. ಗುದ್ದಿದರೆ ಮುಷ್ಟಿಗೇ ಪೆಟ್ಟು. ಉಪ್ಪಿನ ಡಬ್ಬಿ ಕೈಗೆತ್ತಿಕೊಂಡ. ಪುರಸಭೆಯ ನಿಷೇಧದ ನೆನಪಾಗಿ ವಾಪಸಿಟ್ಟ. ಕೊನೆಗೆ ಸಿಕ್ಕಿದ್ದು ಹೆಡ್ವಿಗ್ ಹಕ್ಕಿಗಳಿಗೆಂದು ತಂದಿಟ್ಟಿದ್ದ ಸೂರ್ಯಕಾಂತಿ ಬೀಜದ ಚೀಲ. ಅದನ್ನೇ ಎರಚಿದ. ಎರಡು ನಿಮಿಷ ನೆಲ ಒರಟಾಯಿತು, ಅಂಚೆಯವಳು ಪಾರಾಗಿ ಹೋದಳು. ಅಷ್ಟರಲ್ಲಿ ಊರಿನ ಪಾರಿವಾಳಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಕಾನೂನು ಪಾಲನೆಯನ್ನು ಅವು ಒಂದೊಂದೇ ಕಾಳಾಗಿ ಹೆಕ್ಕಿ ತಿಂದವು.

ವಾಲ್ಡೆಮಾರ್ ಮೆಟ್ಟಿಲ ಮೇಲೆ ಕುಸಿದ. ಉಸಿರೆಳೆದುಕೊಳ್ಳಲು ನೋಡಿದ; ಸೊಂಟ ಬಿಡಲಿಲ್ಲ. ಮುಗುಳ್ನಗಲು ನೋಡಿದ, ತುಟಿ ಅದುರಿತು. ಯಾರದೋ ಕಾಲು ಮುರಿಯುತ್ತದೆ, ಯಾರದೋ ತಲೆ ಒಡೆಯುತ್ತದೆ, ಸಭೆಯಲ್ಲಿ ಎದ್ದು ನಿಂತು ಬೇಡಿ ಪಡೆದ ಹೊಣೆ ಇದು. ಹಾಲು ಉಕ್ಕಿದಾಗ ನಗುವುದು ಯಾರ ಕೈಲಾದರೂ ಆಗುತ್ತದೆ. ನಲವತ್ತು ದಾಟಿದ ಗಂಡಸು, ಮೂಗಿನ ತುದಿಯಲ್ಲಿ ಹೆಪ್ಪುಗಟ್ಟಿದ ಹನಿಯೊಂದಿಗೆ, ಸಣ್ಣ ದನಿಯಲ್ಲಿ ಅತ್ತ.

ತಲೆಯೆತ್ತಿದಾಗ ಬೀದಿಯ ತಿರುವಿನಲ್ಲಿ ಹೆಡ್ವಿಗ್ ಕಂಡಳು. ರಾತ್ರಿಯಿಡೀ ನಿದ್ದೆಗೆಟ್ಟ ಮುಖ, ಕಂಕುಳಲ್ಲಿ ಬಿಸಿ ಬನ್ನಿನ ಪೊಟ್ಟಣ, ಕಣ್ಣು ಅರ್ಧ ಮುಚ್ಚಿತ್ತು.

“ಬರಬೇಡ!” ಕಿರುಚಿದ. “ಹೆಡ್ವಿಗ್, ಬರಬೇಡ!”

“ಏನು?”

“ಮನೆಗೆ ಬರಬೇಡ!”

“ನನ್ನ ಮನೆಗೆ ನಾನು ಬರಬಾರದಾ? ಯಾರನ್ನ ಕೂರಿಸ್ಕೊಂಡಿದ್ದೀಯ ಒಳಗೆ?” ಹೆಜ್ಜೆ ಜೋರಾಯಿತು.

ಹೇಳುತ್ತಾ ನಿಂತರೆ ಆಗದು, ಹಿಡಿಯಬೇಕು ಎಂದು ವಾಲ್ಡೆಮಾರ್ ಎದ್ದು ಧಾವಿಸಿದ. ತಪ್ಪಾದದ್ದು ಅಲ್ಲೇ. ಅಷ್ಟರಲ್ಲಿ ಅವಳು ಗೇಟಿನ ಹೊರಗಿನ ಕಂಬ ಹಿಡಿದು ಹೇಗೋ ನಿಂತುಕೊಂಡಿದ್ದಳು. ಅವನು ಬೆನ್ನ ಮೇಲೆ ಜಾರುತ್ತಾ ಬಂದು ಅವಳ ಎರಡೂ ಕಾಲನ್ನು ಒಟ್ಟಿಗೆ ಗುಡಿಸಿಕೊಂಡು ಹೋದ. ಬನ್ನುಗಳು ಪಾರಿವಾಳಗಳ ಪಾಲಾದವು. ಹೆಡ್ವಿಗಳ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ಅವಳು ಐಸಿನ ಮೇಲೆ ಕುಳಿತು, ಬಿಳಿಚಿದ ಮುಖದಲ್ಲಿ ಅವನನ್ನೇ ನೋಡಿದಳು. “ಈಗ ತಾನೇ ಬಿಟ್ಟು ಬಂದೆ ಆಸ್ಪತ್ರೆ,” ಎಂದಳಷ್ಟೆ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಅವಳ ಜೊತೆಯ ನರ್ಸುಗಳೇ ಪಟ್ಟಿ ಹಾಕಿದರು. “ಹೇಗಾಯ್ತು?” ಎಂದು ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: “ನನ್ನ ಗಂಡ ದಾರಿ ಸರಿಮಾಡಿದ.” ಆ ಕೊಠಡಿಯಲ್ಲಿ ನಗದೇ ಇದ್ದವನು ಅವನೊಬ್ಬನೇ. ಅವಳ ಕೋಟನ್ನು ಎದೆಗೊತ್ತಿಕೊಂಡು, ಬಗ್ಗಿಕೊಂಡೇ, ಮೂಲೆಯಲ್ಲಿ ನಿಂತಿದ್ದ. ಮನೆಗೆ ವಾಪಸು ಬರುವಾಗ ಅವಳ ಇನ್ನೊಂದು ಕೈ ಹಿಡಿಯಲೋ ಬೇಡವೋ ಎಂದು ತಿಳಿಯದೆ ಒದ್ದಾಡಿದ.

“ಹಿಡ್ಕೊ ಮಾರಾಯ,” ಎಂದಳು ಅವಳೇ. “ಬಿದ್ರೆ ನನ್ನನ್ನ ಬಿಟ್ಟು ಬೀಳು.”

ಮಧ್ಯಾಹ್ನದ ಹೊತ್ತಿಗೆ ಮೌಟೆಯಮ್ಮ ಒಲೆಯ ಬೂದಿಯನ್ನೆಲ್ಲ ಸುರಿದು ದಾರಿ ಮಾಡಿದ್ದಳು. ವಾಲ್ಡೆಮಾರನಿಗೆ ಆದರೂ ಸಮಾಧಾನವಿಲ್ಲ. ಇನ್ನೊಬ್ಬರು ಬಿದ್ದರೆ? ಎಚ್ಚರಿಸುವುದೂ ಹೊಣೆಯ ಭಾಗವೇ ಅಲ್ಲವೇ? ರಟ್ಟಿನ ತುಂಡಿನ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ‘ಎಚ್ಚರ! ಅಪಾಯ!’ ಎಂದು ಬರೆದು, ದಾರ ಪೋಣಿಸಿ, ಗೇಟಿಗೆ ಕಟ್ಟಲು ಹೊರಟ. ಬಗ್ಗಿದ ಸೊಂಟಕ್ಕೆ ಗೇಟಿನ ಮೇಲ್ತುದಿ ಎಟುಕುತ್ತಲೇ ಇಲ್ಲ.

ಮೌಟೆಯಮ್ಮ ಬೂದಿಯ ಬಕೆಟ್ ಕೆಳಗಿಟ್ಟು ಬಂದಳು. ಬೋರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಓದಿದಳು. ಆಮೇಲೆ, ಬಗ್ಗಿಯೇ ನಿಂತಿದ್ದ ಅವನ ಕೊರಳಿಗೆ ಹಾರ ಹಾಕುವ ಹಾಗೆ ಅದನ್ನು ಹಾಕಿ, ಕಾಲರ್ ಸರಿಮಾಡಿದಳು.

“ಗೇಟು ಪಾಪ ಒಂದೇ ಕಡೆ ಇರುತ್ತಪ್ಪ,” ಎಂದಳು. “ಓಡಾಡೋದು ನೀವು.”