ಅವ್ವನ ಖೋಲಿಗೆ ವಿನಾಯಿತಿ

ಕಚೇರಿಯ ಕೆಲಸವನ್ನು ಮನೆಗೆ ತರಬಾರದು ಎಂದು ತಿಳಿದವರು ಹೇಳುತ್ತಾರೆ. ಹೇಳುವಾಗ ಅವರ ಮನಸ್ಸಿನಲ್ಲಿರುವುದು ಫೈಲು, ಲ್ಯಾಪ್‌ಟಾಪು, ಮೇಲಧಿಕಾರಿಯ ಮೇಲಿನ ಸಿಟ್ಟು ಇಂಥವು. ಕಚೇರಿಯಲ್ಲಿ ಕಲಿತ ಜಾಣತನವನ್ನು ಮನೆಗೆ ತಂದರೆ ಏನಾಗುತ್ತದೆ ಎಂದು ಯಾರೂ ಎಚ್ಚರಿಸುವುದಿಲ್ಲ. ಫೈಲನ್ನಾದರೂ ಮರುದಿನ ವಾಪಸು ಒಯ್ಯಬಹುದು. ಜಾಣತನವನ್ನು ಒಮ್ಮೆ ಊಟಕ್ಕೆ ಕೂತಾಗ ಬಿಚ್ಚಿಟ್ಟರೆ ಮುಗಿಯಿತು, ಅದನ್ನು ಮತ್ತೆ ಮಡಚಿ ಬ್ಯಾಗಿಗೆ ಹಾಕಿಕೊಳ್ಳಲು ಮನೆಯವರು ಬಿಡುವುದಿಲ್ಲ. ಇದು ಓದಿ ತಿಳಿದ ಮಾತಲ್ಲ, ಹೋದ ಬೇಸಗೆಯಲ್ಲಿ ಬೆವರು ಸುರಿಸಿ ತಿಳಿದದ್ದು.

ನಾನು ಹೈದರಾಬಾದಿನಲ್ಲಿ ಒಂದು ಸಿಮೆಂಟ್ ಕಂಪನಿಯ ಕಚೇರಿಯಲ್ಲಿದ್ದೇನೆ. ಕಾರ್ಖಾನೆಗಳೆಲ್ಲ ದೂರದಲ್ಲಿವೆ. ಹೊಗೆ ಅಲ್ಲಿ, ಹೊಗೆಯ ಕಾಗದಪತ್ರ ಇಲ್ಲಿ. ಇತ್ತೀಚೆಗೆ ಕೇಂದ್ರ ಸರ್ಕಾರದವರು ಇಷ್ಟು ಸಿಮೆಂಟಿಗೆ ಇಷ್ಟೇ ಹೊಗೆ ಎಂದು ಕಾರ್ಖಾನೆಗಳಿಗೆ ಗುರಿ ಹಾಕಿಕೊಡತೊಡಗಿದ್ದಾರೆ. ಗುರಿಗಿಂತ ಕಡಿಮೆ ಬಿಟ್ಟವರು ಉಳಿಸಿದ್ದನ್ನು ಮಾರಬಹುದು, ಹೆಚ್ಚು ಬಿಟ್ಟವರು ಕೊಂಡುಕೊಳ್ಳಬೇಕು. ಒಟ್ಟಿನಲ್ಲಿ ಹೊಗೆಗೂ ಒಂದು ಬೆಲೆ ಬಂದಿದೆ. ನಮ್ಮಪ್ಪನ ಕಾಲದಲ್ಲಿ ಹೊಗೆ ಬಿಡುವವನು ಎಂದರೆ ಸುಳ್ಳು ಹೇಳುವವನು ಎಂದಿತ್ತು. ಈಗ ಅದರ ಮೇಲೆ ನನ್ನ ಸಂಬಳ ನಡೆಯುತ್ತಿದೆ. ಇದನ್ನೆಲ್ಲ ಕಲಿಸಲು ನಮಗೊಂದು ತರಬೇತಿ ಇಟ್ಟಿದ್ದರು. ಬಂದಿದ್ದ ಪ್ರಾಧ್ಯಾಪಕರು ಕೆನಡಾದವರ ಕತೆ ಹೇಳಿದರು. ಅಲ್ಲಿನ ಕೇಂದ್ರ ಸರ್ಕಾರ ತನ್ನ ಪ್ರಾಂತ್ಯಗಳಿಗೆ ಹೇಳಿತಂತೆ: ಹೊಗೆಗೆ ಬೆಲೆ ಕಟ್ಟುವ ಕಾನೂನನ್ನು ನೀವೇ ಮಾಡಿಕೊಳ್ಳಿ, ಮಾಡಿಕೊಳ್ಳದಿದ್ದರೆ ನನ್ನದನ್ನು ಹೇರುತ್ತೇನೆ. ಬಂದ ಹಣದ ಬಹುಪಾಲನ್ನು ಆಯಾ ಪ್ರಾಂತ್ಯದ ಜನರಿಗೇ ಹಿಂದಿರುಗಿಸುತ್ತಿದ್ದರಂತೆ. ಆಮೇಲೆ ಒಂದು ಕಡೆಯವರಿಗೆ ಅನುಕೂಲವಾಗುವ ವಿನಾಯಿತಿ ಕೊಟ್ಟದ್ದೇ ತಡ, ಉಳಿದವರೆಲ್ಲ ನಮಗ್ಯಾಕಿಲ್ಲ ಎಂದು ಎದ್ದು ನಿಂತರಂತೆ. ನಾನು ಮೊದಲ ಭಾಗವನ್ನು ಬಹಳ ಶ್ರದ್ಧೆಯಿಂದ ಕೇಳಿದೆ. ಕೊನೆಯ ಭಾಗ ಬರುವ ಹೊತ್ತಿಗೆ ಸಮೋಸ ಬಂದಿತ್ತು.

ಈಗ ಮನೆಯ ಭೂಗೋಳ ಹೇಳುತ್ತೇನೆ. ದಿಲ್‌ಸುಖ್‌ನಗರದಲ್ಲಿ ಅಪ್ಪ ಕಟ್ಟಿಸಿದ ಮೂರಂತಸ್ತಿನ ಮನೆ ನಮ್ಮದು. ಕಲಬುರಗಿ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಹಾಕಿದವರು ಅಪ್ಪ. ಈಗ ಅಣ್ಣ ಅದನ್ನು ನಡೆಸುತ್ತಾನೆ. ಕೆಳಗೆ ಅವ್ವನ ಖೋಲಿ ಮತ್ತು ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ನಡುವೆ ಅಣ್ಣ, ವೈನಿ, ಅವರ ಮಕ್ಕಳು. ಮೇಲೆ, ಅಂದರೆ ಸೂರ್ಯನಿಗೆ ತೀರ ಹತ್ತಿರದಲ್ಲಿ, ನಾನು, ಹೆಂಡತಿ ಗೀತಾ, ನಮ್ಮ ಮಕ್ಕಳು. ಮೂರೂ ಅಂತಸ್ತಿನಲ್ಲಿ ಒಂದೊಂದು ಎಸಿ. ಅವ್ವನ ಎಸಿಯನ್ನು ಅಣ್ಣತಮ್ಮಂದಿರು ಕೂಡಿ ಕೊಡಿಸಿದ್ದೆವು. ಆಕೆ ಅದಕ್ಕೊಂದು ಕಸೂತಿ ಹಾಕಿದ ಗವುಸು ಹೊಲಿದು ಹೊದಿಸಿ, ಬಂದವರಿಗೆಲ್ಲ ತೋರಿಸಿ, ಫ್ಯಾನಿನ ಕೆಳಗೆ ಮಲಗುತ್ತಿದ್ದಳು. ಇಷ್ಟಕ್ಕೆಲ್ಲ ಕರೆಂಟಿನ ಮೀಟರು ಒಂದೇ.

ಏಪ್ರಿಲ್ ಮೊದಲ ವಾರ ಬಿಲ್ಲು ಬಂದ ದಿನ ಜಗಳ ಶುರುವಾಯಿತು. ಮೇಲಿನವರು ಹಗಲೆಲ್ಲ ಎಸಿ ಹಚ್ಚುತ್ತಾರೆ ಎಂದು ವೈನಿ ಗೋಡೆಗೆ ಹೇಳಿದರು. ನಡುವಿನವರ ಮಕ್ಕಳು ಬೇಸಗೆಯಲ್ಲೂ ಗೀಸರ್ ಹಾಕುತ್ತಾರೆ ಎಂದು ಗೀತಾ ಫ್ರಿಜ್ಜಿಗೆ ಹೇಳಿದಳು. ಗೋಡೆ, ಫ್ರಿಜ್ಜು ಎರಡೂ ಸುಮ್ಮನಿದ್ದುದರಿಂದ ಅಣ್ಣ ಮಾತಾಡಬೇಕಾಯಿತು. ಎಲ್ಲರ ಯೂನಿಟ್ಟುಗಳೂ ಒಂದೇ ಮೀಟರಿನಲ್ಲಿ ಕೂಡಿ ಹೆಚ್ಚು ದರದ ಸ್ಲ್ಯಾಬಿಗೆ ಹೋಗುತ್ತಿವೆ, ಅಂತಸ್ತಿಗೊಂದು ಮೀಟರು ಹಾಕಿಸಿದರೆ ಎಲ್ಲರಿಗೂ ಕಡಿಮೆ ಬರುತ್ತದೆ, ಜಗಳವೂ ಇರುವುದಿಲ್ಲ ಎಂದ. ವ್ಯಾಪಾರಸ್ಥನ ಮಾತು, ತಪ್ಪೇನೂ ಇರಲಿಲ್ಲ. ಆದರೆ ಅವ್ವ ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟಳು.

"ನಿಮ್ಮ ದೊಡ್ಡಪ್ಪಾರ ಮನ್ಯಾಗ ಮೊದಲ ಚಿಮಣಿ ಎಣ್ಣಿ ಬ್ಯಾರೆ ಮಾಡ್ಕೊಂಡ್ರು. ಅದೂ ಉಳಿತಾಯಕ್ಕಽ ಅಂದಿದ್ರು. ವರ್ಷ ತುಂಬೂದ್ರಾಗ ಒಲಿ ಬ್ಯಾರೆ ಆದ್ವು," ಎಂದಳು.

ಅಷ್ಟು ಹೇಳಿ ಎದ್ದು ಕೈ ತೊಳೆದುಕೊಂಡಳು. ಅವ್ವ ಊಟ ಬಿಟ್ಟು ಏಳುವುದನ್ನು ನಾವು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಅಣ್ಣ ತಲೆ ತಗ್ಗಿಸಿದ. ಮೀಟರಿನ ಅರ್ಜಿಯನ್ನು ಎರಡು ತಿಂಗಳು ತಡೆಯುತ್ತೇನೆ, ಅಷ್ಟರಲ್ಲಿ ಬಿಲ್ಲು ಇಳಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ ಎಂದ. ಆಗ ನಾನು ಗಂಟಲು ಸರಿಮಾಡಿಕೊಂಡು ಕೆನಡಾ ಎಂದೆ.

ಯೋಜನೆಯನ್ನು ನಾನು ಹೀಗೆ ರೂಪಿಸಿದೆ. ಮನೆಯೇ ದೇಶ, ಅಂತಸ್ತುಗಳೇ ಪ್ರಾಂತ್ಯಗಳು, ತಿಳಿವಳಿಕೆ ಇರುವುದರಿಂದ ನಾನೇ ಕೇಂದ್ರ. ಎಸಿ, ಗೀಸರು, ಇಸ್ತ್ರಿ ಇವುಗಳಿಗೆಲ್ಲ ಗಂಟೆಯ ಲೆಕ್ಕದಲ್ಲಿ ಬೆಲೆ, ಲೆಕ್ಕ ಬರೆಯಲು ಅಂತಸ್ತಿಗೊಂದು ನೋಟ್‌ಬುಕ್ಕು. ಒಂದೇ ಒಲೆಯಲ್ಲಿ ಉಣ್ಣುವವರು ರೂಪಾಯಿ ಲೆಕ್ಕ ಹಾಕಿದರೆ ಅವ್ವ ಮತ್ತೆ ರೊಟ್ಟಿ ಬಿಡುತ್ತಾಳೆ. ಆದ್ದರಿಂದ ಬೆಲೆಯನ್ನು ಕೆಲಸದ ರೂಪದಲ್ಲಿ ಇಟ್ಟೆ. ನಮ್ಮ ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಂದರೆ ಜೋಳದ ಚೀಲ ಹೊತ್ತು ಗಿರಣಿಗೆ ಹೋಗಿ, ಸರದಿ ಕಾದು, ಮೈಯೆಲ್ಲ ಹಿಟ್ಟಾಗಿ ಬರುವುದು. ಹೆಚ್ಚು ಕರೆಂಟು ಸುಟ್ಟ ಅಂತಸ್ತಿನವರು ಗಿರಣಿಗೆ ಹೋಗಬೇಕು, ಕಡಿಮೆ ಸುಟ್ಟವರಿಗೆ ಕಾಯಿಪಲ್ಯ ತರುವುದರಿಂದ ಬಿಡುವು. ಬೇಕಾದರೆ ಅಂತಸ್ತಿನವರು ತಮ್ಮ ಕಾನೂನು ತಾವೇ ಮಾಡಿಕೊಳ್ಳಬಹುದು. ಅವ್ವನ ಖೋಲಿಗೆ ಮಾತ್ರ ಪೂರ್ತಿ ವಿನಾಯಿತಿ. ಎಸಿಗೆ ಗವುಸು ಹಾಕಿಟ್ಟವಳಿಗೆ ವಿನಾಯಿತಿ ಕೊಟ್ಟರೆ ಸರ್ಕಾರಕ್ಕೆ ನಷ್ಟವೇನು ಎಂದು ಲೆಕ್ಕ ಹಾಕಿದ್ದೆ. ಅದಲ್ಲದೆ ಅವ್ವನಿಗೆ ಬೆಲೆ ಹೇರುವ ಧೈರ್ಯ ಕೇಂದ್ರಕ್ಕೆ ಇರಲಿಲ್ಲ.

ವೈನಿ ಮೊದಲು ನ್ಯಾಯದ ಪ್ರಶ್ನೆ ಎತ್ತಿದರು. ಮೇಲಿನ ಅಂತಸ್ತಿಗೆ ಬಿಸಿಲು ಹೆಚ್ಚು ಎಂದು ನಾನು ನಮಗೆ ಸ್ವಲ್ಪ ರಿಯಾಯಿತಿ ಬರೆದುಕೊಂಡಿದ್ದೆ. "ನೋಡ್ರಿ ಶರಣಪ್ಪ, ಬಿಸಲು ನಿಮಗ ಹೊಡದ್ರ ಗಿರಣಿಗೆ ನಾವ್ಯಾಕ ಹೋಗಬೇಕ್ರಿ?" ಎಂದರು. ಈ ಪ್ರಶ್ನೆಗೆ ದೊಡ್ಡ ದೊಡ್ಡ ದೇಶಗಳ ಮಂತ್ರಿಗಳೇ ತಡವರಿಸಿದ್ದಾರೆ. ನಾನು ರಿಯಾಯಿತಿಯನ್ನು ವಾಪಸು ತೆಗೆದುಕೊಂಡೆ. ಆಮೇಲೆ ವೈನಿ ತಮ್ಮ ಪ್ರಾಂತ್ಯಕ್ಕೆ ಸ್ವಂತ ಕಾನೂನು ಮಾಡಿಕೊಂಡರು: ಮನೆಗೆ ಬೀಗರು ಬಿಜ್ಜರು ಬಂದಾಗ ಮಾತ್ರ ಎಸಿ. ಬಂದವರನ್ನು ಬೆವರಿಸಿ ಕಳಿಸುವುದು ನಮ್ಮ ಕಡೆ ಪದ್ಧತಿಯಲ್ಲ, ಹಾಗಾಗಿ ನಾನು ಒಪ್ಪಿದೆ. ಮರುದಿನದಿಂದ ಊಟವಾದ ಕೂಡಲೇ ಎದುರುಮನೆಯ ಹೆಂಗಸು, ರಾಯಚೂರಿನ ಬಾಯಿ, ಬಂದು ಕೂರತೊಡಗಿದರು. ಅವರು ಬರುವುದು ತಡವಾದರೆ ವೈನಿ ಮಗನನ್ನು ಕಳಿಸಿ ಕರೆಸುತ್ತಿದ್ದರು. ಬಾಯಿಗೆ ಒಂದು ಕಪ್ ಚಹಾ, ಒರಗಲು ಒಂದು ತಕ್ಕೆ, ಒಂದು ದಿಂಬು. ಅವರು ನಿದ್ದೆ ಹೋದರೆ ಎಬ್ಬಿಸುವುದು ಅಮರ್ಯಾದೆ ಎಂದು ಸಂಜೆಯವರೆಗೆ ಎಸಿ ನಡೆಯುತ್ತಿತ್ತು. ಎಲ್ಲವೂ ಕಾನೂನಿನ ಪ್ರಕಾರವೇ ಇತ್ತು, ಹಾಗಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಗೀತಾ ಕಾನೂನು ಮಾಡುವ ಗೋಜಿಗೇ ಹೋಗಲಿಲ್ಲ. ಕೇಂದ್ರದ್ದೇ ಇರಲಿ ಎಂದಳು. ಅವಳ ವಿಧೇಯತೆಗೆ ನಾನು ಬೀಗಿದೆ. ಅಂತಸ್ತಿನ ಪರವಾಗಿ ಗಿರಣಿಗೆ ಹೋಗಬೇಕಾದವನು ಅಂತಸ್ತಿನ ಯಜಮಾನ ಎಂದು ನಾನೇ ಬರೆದಿದ್ದ ಕಲಮು, ಅವಳು ಎಂದಿನಂತೆ ಹಗಲೆಲ್ಲ ಎಸಿ ಹಚ್ಚತೊಡಗಿದ ಮೇಲೆ ನೆನಪಾಯಿತು. ಕೇಂದ್ರ ಸರ್ಕಾರ ಭಾನುವಾರ ಭಾನುವಾರ ಜೋಳದ ಚೀಲ ಹೊತ್ತು ಹೊರಟಿತು. ಗಿರಣಿಯವನು ಮೊದಮೊದಲು ಗೌರವದಿಂದ ಕುರ್ಚಿ ಕೊಡುತ್ತಿದ್ದ. ಆಮೇಲಾಮೇಲೆ "ಮಳ್ಳೀ ವಚ್ಚಾರಾ ಸಾರ್," ಮತ್ತೆ ಬಂದಿರಾ ಸಾರ್, ಎಂದು ಕನಿಕರದಿಂದ ಕೇಳತೊಡಗಿದ. ಮನೆಯಲ್ಲಿ ಹಿಟ್ಟು ರಾಶಿ ಬಿತ್ತು. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯಲು ಬರುವುದಿಲ್ಲ, ಆದ್ದರಿಂದ ಎರಡು ಹೊತ್ತೂ ರೊಟ್ಟಿ ಶುರುವಾಯಿತು, ಗ್ಯಾಸು ಬೇಗ ಮುಗಿಯಿತು. ಗಿರಣಿಯ ಮೋಟಾರಿಗೂ ಕರೆಂಟು ಬೇಕಲ್ಲ ಎಂದು ನನ್ನ ಮಗಳು ಕೇಳಿದಳು. ಅವಳಿಗೆ ಶಾಲೆಯ ಪಾಠ ಓದಿಕೋ ಎಂದೆ.

ಹೀಗೆ ಮೇ ತಿಂಗಳು ಬಂತು. ಹೈದರಾಬಾದಿನ ಮೇ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಉಳಿದವರು ನಂಬುವುದಿಲ್ಲ. ಒಂದು ಮಧ್ಯಾಹ್ನ ಮಕ್ಕಳು ಅವ್ವನ ಖೋಲಿಗೆ ಕೇರಂ ಒಯ್ದರು. ಅಜ್ಜಿಯ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತ್ತು. ಗವುಸು ಇಳಿಯಿತು. ಮರುದಿನ ವೈನಿ ಮೆಂತ್ಯದ ತಪ್ಪಲು ಸೋಸಲು ಕೆಳಗೆ ಹೋದರು, ರಾಯಚೂರಿನ ಬಾಯಿಯೂ ತಮ್ಮ ದಿಂಬು ಎತ್ತಿಕೊಂಡು ಹಿಂದೆಯೇ ಹೋದರು. ಅಣ್ಣ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವನು ಅವ್ವನಿಗೆ ಪೇಪರು ಓದಿ ಹೇಳುವ ನೆಪದಲ್ಲಿ ಅಲ್ಲೇ ಅಡ್ಡಾದ. ಕೊನೆಗೆ ಗೀತಾ ಇಸ್ತ್ರಿಪೆಟ್ಟಿಗೆಯನ್ನೇ ಹಿಡಿದುಕೊಂಡು ಇಳಿದಳು. ಇದಕ್ಕೆ ನಮ್ಮ ಕಚೇರಿಯ ಭಾಷೆಯಲ್ಲಿ ಸೋರಿಕೆ ಎನ್ನುತ್ತಾರೆ. ಒಂದು ಕಡೆ ಹೊಗೆಗೆ ಬೆಲೆ ಇಟ್ಟರೆ ಹೊಗೆ ಬಿಡುವವರು ಬೆಲೆ ಇಲ್ಲದ ಕಡೆಗೆ ಗುಳೆ ಹೋಗುತ್ತಾರೆ. ಅದರ ಬಗ್ಗೆ ನಾನು ಚೆನ್ನಾಗಿ ಟಿಪ್ಪಣಿ ಬರೆಯಬಲ್ಲೆ. ಕಣ್ಣೆದುರಿಗೆ ಮೆಟ್ಟಿಲಿಳಿದು ಹೋಗುತ್ತಿದ್ದಾಗ ಗುರುತು ಹಿಡಿಯಲು ಆಗಲಿಲ್ಲ.

ಮೇಲೆ ಉಳಿದವನು ನಾನೊಬ್ಬನೇ. ಕಾನೂನು ಮಾಡಿದವನೇ ಮುರಿದರೆ ಹೇಗೆ ಎಂದು ರಜೆಯ ದಿನ ಬನಿಯನ್ನು ಒದ್ದೆ ಮಾಡಿಕೊಂಡು ಫ್ಯಾನಿನ ಕೆಳಗೆ ಕೂತಿರುತ್ತಿದ್ದೆ. ಕೆಳಗಿನಿಂದ ನಗು ಕೇಳಿ ಬರುತ್ತಿತ್ತು. ಗೋಡೆಗೆ ಮಾತಾಡುತ್ತಿದ್ದ ವೈನಿ, ಫ್ರಿಜ್ಜಿಗೆ ಮಾತಾಡುತ್ತಿದ್ದ ಗೀತಾ ಈಗ ಒಬ್ಬರೊಂದಿಗೊಬ್ಬರು ಮಾತಾಡುತ್ತಿದ್ದರು, ಅದೂ ಬಹುಶಃ ನನ್ನ ಬಗ್ಗೆ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಅಷ್ಟರಲ್ಲಿ ಹೊಸ ಬಿಲ್ಲು ಬಂತು. ಎರಡು ಎಸಿಯ ಜಾಗದಲ್ಲಿ ಒಂದೇ ನಡೆದಿದ್ದರಿಂದ ಚೆನ್ನಾಗಿಯೇ ಇಳಿದಿತ್ತು. ಮೀಟರಿನವರಿಗೆ ಬೇಡವೆಂದು ಹೇಳಿಬಿಟ್ಟೆ ಎಂದು ಅಣ್ಣ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ. ಸಂತೋಷಪಟ್ಟು ಸುಮ್ಮನಿರಬೇಕಾದ ಗಳಿಗೆ. ಆದರೆ ನನ್ನ ಕಾನೂನಿನಿಂದಲ್ಲ, ಅದರ ತೂತಿನಿಂದ ಬಿಲ್ಲು ಇಳಿಯಿತಲ್ಲ ಎಂದು ನನಗೆ ಒಳಗೊಳಗೇ ಉರಿ. ತಿದ್ದುಪಡಿ ತರಬೇಕು, ಅವ್ವನ ವಿನಾಯಿತಿಯನ್ನು ರದ್ದು ಮಾಡಬೇಕು ಎಂದು ನಿಶ್ಚಯಿಸಿ, ಭಾನುವಾರ ಮಧ್ಯಾಹ್ನ ಅಂಗಿ ತೊಟ್ಟುಕೊಂಡು ಕೆಳಗಿಳಿದೆ.

ಬಾಗಿಲು ತೆಗೆದರೆ ಒಳಗೆ ಮಹಾಬಳೇಶ್ವರದ ಚಳಿ. ಕಾಲಿಡಲು ಜಾಗವಿಲ್ಲ. ಒಂದು ಮೂಲೆಯಲ್ಲಿ ಕೇರಂ, ಇನ್ನೊಂದರಲ್ಲಿ ಇಸ್ತ್ರಿ, ನಡುವೆ ಅಣ್ಣನ ಗೊರಕೆ. ಮಂಚದ ಮೇಲೆ ಅವ್ವ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಕಾಲಿಗೆ ಅಪ್ಪನ ಹಳೆಯ ಕಾಲುಚೀಲ ಹಾಕಿಕೊಂಡು ಕೂತಿದ್ದಳು. ಮುಖದಲ್ಲಿ ಮಾತ್ರ ಹಬ್ಬದ ಕಳೆ. ನಾನು ತಿದ್ದುಪಡಿಯನ್ನು ಮರೆತು ಹತ್ತಿರ ಹೋಗಿ ಕೂತೆ. ಆಕೆಯ ಕೈ ತಣ್ಣಗಿತ್ತು.

"ಅವ್ವಾ, ಥಂಡಿ ಆಗಾಕತ್ತೈತೇನ?"

"ಆಗತೈತಿ. ಭಾಳ ಆಗತೈತಿ," ಎಂದಳು. ಆಮೇಲೆ ಯಾರಿಗೂ ಕೇಳದ ಹಾಗೆ, "ಬಂದ್ ಮಾಡಿದ್ನೆಪಾ ಅಂದ್ರ ಎಲ್ಲಾರೂ ಎದ್ದು ಮ್ಯಾಲ ಹೋಗ್ತಾರ. ಆಮ್ಯಾಲ ಮತ್ತ ಮೀಟರಿನ ಮಾತು ಬರ್ತೈತಿ. ಇರ್ಲಿ ಬಿಡು, ಸ್ವೆಟರ್ ಐತಲ್ಲ," ಎಂದಳು.

ಹೊಗೆಯ ಬೆಲೆಯನ್ನು ಕಟ್ಟಕಡೆಗೆ ಹೊರುವವರು ಯಾರು ಎಂದು ತರಬೇತಿಯಲ್ಲಿ ಅರ್ಧ ದಿನ ಚರ್ಚೆಯಾಗಿತ್ತು. ಕಾರ್ಖಾನೆಯವನು ಎಂದು ಕೆಲವರು, ಸಿಮೆಂಟು ಕೊಳ್ಳುವವನು ಎಂದು ಕೆಲವರು. ನಮ್ಮ ಮನೆಯಲ್ಲಿ ಪೂರ್ತಿ ವಿನಾಯಿತಿ ಪಡೆದವಳೇ ಅದನ್ನು ಮಫ್ಲರ್ ಕಟ್ಟಿಕೊಂಡು ಹೊರುತ್ತಿದ್ದಳು. ಎಸಿಯ ಡಿಗ್ರಿ ಸ್ವಲ್ಪ ಏರಿಸೋಣ, ರಿಮೋಟು ಎಲ್ಲಿ ಎಂದು ಹುಡುಕಿದೆ. ಅವ್ವ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೈಯಿಟ್ಟಳು. ಅಷ್ಟು ಮಂದಿ ಕೂತ ಖೋಲಿ, ಒಂದಿಷ್ಟು ಏರಿಸಿದರೂ ಮಕ್ಕಳು ಬೆವರಿ ಚದುರಿ ಹೋಗುತ್ತಾರೆಂದು ಆಕೆಗೆ ಅಂಜಿಕೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಇಷ್ಟೇ: "ಶರಣು, ಭಾಳ ಶಾಣ್ಯಾ ಅದೀ. ಹಿಂತಾ ಕಾಯ್ದೆ ಯಾರಿಗೂ ಮಾಡಾಕ ಬರಾಂಗಿಲ್ಲ." ಗೀತಾ ಇಸ್ತ್ರಿಯ ಮೇಲಿಂದ ಮುಖ ಎತ್ತಲಿಲ್ಲ. ಆದರೆ ನಗುವಿಗೆ ಅವಳ ಭುಜ ಕುಲುಕುತ್ತಿತ್ತು.

ತಿದ್ದುಪಡಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಮರುದಿನ ಕಚೇರಿಗೆ ರಜೆ ಹಾಕಿ ಬೇಗಂ ಬಜಾರಿಗೆ ಹೋದೆ. ಮಟಮಟ ಮಧ್ಯಾಹ್ನ, ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾಲ್ಕಾರು ಅಂಗಡಿಯವರು ನಕ್ಕು ಕಳಿಸಿದರು. ಕೊನೆಗೆ ಒಬ್ಬ ವಯಸ್ಸಾದ ವ್ಯಾಪಾರಿ ಅಟ್ಟದಿಂದ ಉಣ್ಣೆಯ ಹೊದಿಕೆಗಳ ಕಟ್ಟು ಇಳಿಸಿ, ಧೂಳು ಝಾಡಿಸಿ, "ಇತ್ತೀ ಧೂಪ್ ಮೇ ಬ್ಲ್ಯಾಂಕೆಟ್ ಕಾಯ್ಕು ಸಾಬ್?" ಇಷ್ಟು ಬಿಸಿಲಲ್ಲಿ ಹೊದಿಕೆ ಯಾಕೆ, ಎಂದ. ಕೇಂದ್ರ, ಪ್ರಾಂತ್ಯ, ವಿನಾಯಿತಿ, ಸೋರಿಕೆ ಎಲ್ಲವನ್ನೂ ವಿವರಿಸೋಣವೆಂದು ಬಾಯಿ ತೆರೆದೆ. ಮೂಗಿನ ತುದಿಯಿಂದ ಬೆವರಿನ ಹನಿ ಅವನ ಹೊದಿಕೆಯ ಮೇಲೆ ಬಿತ್ತು. "ಘರ್ ಮೇ ಭೋತ್ ಥಂಡ್ ಹೈ," ಮನೆಯಲ್ಲಿ ಬಹಳ ಚಳಿ, ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿ, ಬಿಸಿಲು ತಲೆಗೆ ಹೊಡೆದಿದೆ ಎಂದುಕೊಂಡು ಸ್ಟೂಲಿನ ಮೇಲೆ ಕೂರಿಸಿ ತಣ್ಣೀರು ಕೊಟ್ಟ. ಕುಡಿದು ಸುಧಾರಿಸಿಕೊಂಡ ಮೇಲೆ, ಒಂದೇ ಸಾಕಲ್ಲ ಎಂದು ಮೆಲ್ಲಗೆ ಕೇಳಿದ. ಸಾಲದು, ಎರಡು ಕಟ್ಟಿ ಎಂದೆ. ಒಂದು ಅವ್ವನಿಗೆ. ಇನ್ನೊಂದು ನನಗೇ ಬೇಕಾಗಿತ್ತು. ಎಲ್ಲರಿಗಿಂತ ಕೊನೆಗೆ ಇಳಿದು ಬಂದ ಕೇಂದ್ರ ಸರ್ಕಾರಕ್ಕೆ ಆ ಖೋಲಿಯಲ್ಲಿ ಉಳಿದಿದ್ದದ್ದು ಎಸಿಯ ನೇರ ಕೆಳಗಿನ ಜಾಗ.