ಕಾರಿನ ಮೂತಿಗೆ ಗವಸು

ವ್ಯಾಪಾರದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಇದು ಜಂಬವಲ್ಲ, ಅನುಭವ. ಬೈಲಹೊಂಗಲದಿಂದ ಒಂದು ಗಂಟು ಸೀರೆ ಹೊತ್ತುಕೊಂಡು ಮುಂಬಯಿಗೆ ಬಂದವನು ನಾನು. ಮೊದಲು ಚಾಳು ಚಾಳು ತಿರುಗಿ ಮಾರಿದೆ. ಆಮೇಲೆ ಮುಲುಂಡ್ ಸ್ಟೇಷನ್ನಿನ ಹತ್ತಿರ ಸ್ವಂತ ಅಂಗಡಿ ಹಾಕಿದೆ. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರೆ ಸಾಕು; ಅದರ ನೂಲು, ಅದರ ಬಣ್ಣ, ಅದನ್ನು ಮಾರುವವನ ಮನಸ್ಸು, ಮೂರೂ ನನಗೆ ತಿಳಿಯುತ್ತವೆ. ಇಂಥ ಮನುಷ್ಯ ಕಾರು ಕೊಳ್ಳಲು ಹೊರಟರೆ ಕಷ್ಟ ಯಾರಿಗೆ? ಮಾರುವವನಿಗೆ. ಹಾಗೆಂದೇ ನಾನು ತಿಳಿದಿದ್ದೆ!

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ವಿಲೆ ಪಾರ್ಲೆಯ ಒಬ್ಬ ಮುದುಕ ಪಾರ್ಸಿ ಸಾಹೇಬರು ಕಣ್ಣು ಮಂಜಾಯಿತೆಂದು ತಮ್ಮ ಕಾರು ಮಾರುತ್ತಿದ್ದರು. ಅಮೇರಿಕದ ಬ್ರಾಡ್‌ವೆಲ್ ಕಂಪನಿಯ ಗಾಡಿ. ಹಸಿರು ಬಣ್ಣ, ಸೋಫಾದಂಥ ಸೀಟು, ಮೂತಿಯ ತುಂಬ ಬೆಳ್ಳಿಯ ಹಲ್ಲು ಕಿಸಿದಂತೆ ಹೊಳೆಯುವ ಜಾಲರಿ. ನೋಡಿದ ತಕ್ಷಣ ಮನಸ್ಸಿಗೆ ಬಂತು. ಮನಸ್ಸಿಗೆ ಬಂದದ್ದನ್ನು ಮುಖದ ಮೇಲೆ ತೋರಿಸುವವನು ವ್ಯಾಪಾರಿಯಲ್ಲ. ನಾನು ಹುಳಿ ಮಾವಿನಕಾಯಿ ಕಚ್ಚಿದವನಂತೆ ಮುಖ ಮಾಡಿ, ಸೀಟಿನ ಬಟ್ಟೆ ತಿಕ್ಕಿ, "ನೂಲು ಹೋಗಿದೆ" ಎಂದೆ. ಬಾಗಿಲು ತೆಗೆದು ಹಾಕಿ, "ಸದ್ದು ಸರಿಯಿಲ್ಲ" ಎಂದೆ. ಮೂರು ಸಲ ಎದ್ದು ಹೊರಟೆ, ಮೂರು ಸಲ ತಿರುಗಿ ಬಂದೆ. ನಾಲ್ಕನೆಯ ಸಲ ಸಾಹೇಬರೇ ದಣಿದು ನಾನು ಹೇಳಿದ ಬೆಲೆಗೆ ಒಪ್ಪಿಕೊಂಡರು. ಮೇಲಿಂದ ಒಂದು ಹೆಚ್ಚಿನ ಹಾರ್ನನ್ನೂ ವಸೂಲಿ ಮಾಡಿದೆ.

ಕೀಲಿಕೈ ಕೊಡುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸೇಠ್, ಏಕ್ ಬಾತ್ ಯಾದ್ ರಖೋ. ಇಸ್ಕಾ ನಾಕ್ ಹಮೇಶಾ ಖುಲ್ಲಾ ರಖ್ನಾ" ಎಂದರು. ಮೂಗು ಯಾವಾಗಲೂ ತೆರೆದಿರಲಿ ಅಂತೆ!

ನಾನು ಒಳಗೊಳಗೇ ನಕ್ಕೆ. ದುಡ್ಡು ಕೈಗೆ ಬಂದ ಮೇಲೆ ಮಾರುವವನು ಆಡುವ ಮಾತಿನ ಬೆಲೆ ನನಗೆ ಗೊತ್ತಿಲ್ಲವೆ? ನಾನೇ ದಿನಕ್ಕೆ ಇಪ್ಪತ್ತು ಸಲ "ಬಣ್ಣ ಹೋಗೂದಿಲ್ಲವ್ವಾ, ನಿಶ್ಚಿಂತಿ ಒಯ್ಯಿ" ಎಂದು ಹೇಳುವವನು! ಕೇಳದೆ ಸಿಕ್ಕ ಸಲಹೆಯಲ್ಲಿ ಏನೋ ಹುಳುಕಿರುತ್ತದೆ. ಇದು ನನ್ನ ಮೂವತ್ತು ವರ್ಷದ ಸಿದ್ಧಾಂತ.

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕವೂ ಬಂತು. ನನ್ನ ಇಂಗ್ಲಿಷ್ ಸಹಿಯಲ್ಲಿ ಶುರುವಾಗಿ ಸಹಿಯಲ್ಲೇ ಮುಗಿಯುತ್ತದೆ. ಮಗಳು ಸುಶೀಲಾ ಇಂಟರ್ ಸೈನ್ಸ್ ಓದುತ್ತಿದ್ದಳು, ಪಾರ್ಲೆಯ ಕಾಲೇಜಿನಲ್ಲಿ. ನಮ್ಮ ಎರಡೂ ಕಡೆಯ ಬಳಗದಲ್ಲಿ ಮ್ಯಾಟ್ರಿಕ್ ದಾಟಿದ ಮೊದಲ ಹೆಣ್ಣು ಅವಳು. ಅವಳೇ ಪುಸ್ತಕ ಓದಿ ಕನ್ನಡದಲ್ಲಿ ಹೇಳಿದಳು. ಕಂಪನಿಯ ಮೂಲಪುರುಷ ಮೊದಲು ಒಂದು ಹಳೆಯ ಕೊಟ್ಟಿಗೆಯಲ್ಲಿ ಹೊಲಿಗೆ ಯಂತ್ರ ಮಾಡುತ್ತಿದ್ದನಂತೆ. ಆಮೇಲೆ ಕಾರು ಮಾಡಿದನಂತೆ. ಕಾರ್ಖಾನೆ ಸುಟ್ಟು ಬೂದಿಯಾಯಿತಂತೆ, ಮತ್ತೆ ಕಟ್ಟಿದನಂತೆ. ನಂಬಿದವರನ್ನು ನಡುದಾರಿಯಲ್ಲಿ ಕೈಬಿಡದ ಗಾಡಿ ಎಂದು ಪುಟಕ್ಕೊಂದು ಸಲ ಬರೆದಿದ್ದನಂತೆ.

"ಹೊಲಿಗಿ ಮಷೀನು ಮಾಡಾಂವ! ಹಂಗಾರ ನಮ್ಮ ಪೈಕೀನೇ ಬಿಡು" ಎಂದು ನನ್ನ ಎದೆ ತುಂಬಿ ಬಂತು.

"ಮುಂದಿನ ಪುಟದಾಗ ಇಂಜಿನ್ ಹೆಂಗ ಕಾಯಬೇಕು ಅಂತ ಕೊಟ್ಟಾರ, ಅಪ್ಪಾ. ಓದ್ಲ್ಯಾ?"

"ಅದು ತಿಳೀಲಾರದವರಿಗೆ ಬರದದ್ದು. ಮುಚ್ಚಿಡು."

ಅವಳು ಮುಚ್ಚಿಟ್ಟಳು. ಅದು ಹನ್ನೊಂದನೆಯ ಪುಟ. ಈ ಅಂಕಿಯನ್ನು ಓದುಗರು ನೆನಪಿಡಬೇಕಾಗಿ ವಿನಂತಿ.

ಮನೆಗೆ ತಂದು ಎರಡು ದಿನವಾಗಿರಲಿಲ್ಲ, ಆಗ್ರಾ ರಸ್ತೆಯ ಧೂಳು ಆ ಬೆಳ್ಳಿಯ ಹಲ್ಲಿನ ಸಂದಿಯಲ್ಲೆಲ್ಲ ಕೂತಿತು. ನನಗೆ ಜೀವ ಹಿಂಡಿದಂತಾಯಿತು. ಅಂಗಡಿಯಲ್ಲಿ ಬೆಲೆಬಾಳುವ ಇಳಕಲ್ ಸೀರೆಯನ್ನು ನಾನು ಎಂದೂ ಬರಿಮೈಯಲ್ಲಿ ಇಡುವವನಲ್ಲ; ಪ್ರತಿಯೊಂದಕ್ಕೂ ಗವಸು ಉಂಟು. ಸೀರೆಗೆ ಗವಸು, ಕಾರಿಗೆ ಇಲ್ಲವೆ? ದಪ್ಪ ಕ್ಯಾನ್ವಾಸಿನ ಮೇಲೆ ಗುಳೇದಗುಡ್ಡದ ಖಣ ಹೊಂದಿಸಿ, ಒಳಗೆ ಅಸ್ತರು ಕೊಟ್ಟು, ಸುತ್ತಲೂ ಕೆಂಪು ಅಂಚಿಟ್ಟು ನಾನೇ ಅಳತೆ ತೆಗೆದು ಹೊಲಿಸಿದೆ. ಜಾಲರಿಗೆ ಬಿಗಿಯಾಗಿ ಕೂತಿತು. ಮುಲುಂಡಿನಲ್ಲಿ ಅಷ್ಟು ಚಂದದ ಮೂತಿ ಇನ್ನೊಂದಿರಲಿಲ್ಲ!

ಹೆಂಡತಿ ಗಂಗವ್ವ ನೋಡಿ, "ಏನ್ರೀ, ಕಾರಿಗೆ ಕುಪ್ಪಸ ತೊಡಿಸೀರಲ್ಲ!" ಎಂದಳು.

"ವಸ್ತುವಿನ ಮರ್ಯಾದಿ ಅಂದ್ರ ಹಿಂಗ ಕಾಯಬೇಕು" ಎಂದೆ.

ಮರುದಿನ ಭಾಂಡುಪ್ ತಲುಪುವಷ್ಟರಲ್ಲಿ ಕಾರು ಕುದಿಯಿತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯಂತೆ ಹಬೆ. ನಿಂತಿತು. ನೀರು ಹಾಕಿದೆ, ಹೊರಟಿತು. ವಿಕ್ರೋಳಿಯಲ್ಲಿ ಮತ್ತೆ ನಿಂತಿತು.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಪಕ್ಕದ ಮನೆಯ ರಾಯರು ಮೈಸೂರಿನವರು, ಮುಂಬಯಿಯ ಕೋಟೆ ಭಾಗದ ಯಾವುದೋ ಆಫೀಸಿನ ಹೆಡ್ ಕ್ಲಾರ್ಕು. ಜೀವಮಾನದಲ್ಲಿ ಕಾರು ಇಟ್ಟವರಲ್ಲ; ಆದ್ದರಿಂದ ಕಾರಿನ ವಿಷಯ ಬಹಳ ಬಲ್ಲವರು.

"ಅಮೇರಿಕದ ಗಾಡಿಗಳೇ ಹೀಗೆ ಸಾರ್. ಅಲ್ಲಿ ಹಿಮ ಬೀಳತ್ತೆ. ಆ ಚಳಿಗೆ ಮಾಡಿದ್ದು. ಇಲ್ಲಿ ಕುದೀದೆ ಇನ್ನೇನು ಮಾಡತ್ತೆ, ಪಾಪ!" ಎಂದರು.

ನೀರು ಬದಲಾಯಿಸಿದೆ. ಎಣ್ಣೆ ಬದಲಾಯಿಸಿದೆ. ಮೆಕ್ಯಾನಿಕ್ಕನ ಬಳಿ ಒಯ್ಯುವಾಗ, ಅವನ ಎಣ್ಣೆಗೈ ತಗಲಿ ಕೊಳೆಯಾದೀತೆಂದು ಗವಸು ಬಿಚ್ಚಿ ಮನೆಯಲ್ಲಿಟ್ಟು ಹೋಗುತ್ತಿದ್ದೆ. ಅಲ್ಲಿ ಕಾರು ಮೌನವ್ರತ ಹಿಡಿದ ಸಾಧುವಿನಂತೆ ತಣ್ಣಗಿರುತ್ತಿತ್ತು. "ಸೇಠ್, ಗಾಡಿ ಏಕ್‌ದಮ್ ಬರಾಬರ್ ಹೈ" ಎಂದು ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ. ಮನೆಗೆ ಬಂದು ಗವಸು ತೊಡಿಸಿ ಹೊರಟರೆ ಭಾಂಡುಪ್ಪಿನಲ್ಲಿ ಇಡ್ಲಿ! ಮೆಕ್ಯಾನಿಕ್ಕನಿಗೆ ಏನೂ ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಕೊನೆಗೆ ಡಿಕ್ಕಿಯಲ್ಲಿ ಎಣ್ಣೆಯ ನಾಲ್ಕು ಖಾಲಿ ಡಬ್ಬಗಳ ತುಂಬ ನೀರಿಟ್ಟುಕೊಂಡು ಸಂಚಾರ ಆರಂಭಿಸಿದೆ. ಮುಲುಂಡಿನಿಂದ ಕುರ್ಲಾದವರೆಗೆ ಎಲ್ಲ ಚಹದಂಗಡಿಯವರೂ ನಳದವರೂ ನನ್ನ ಆಪ್ತರಾದರು. ಬ್ರಾಡ್‌ವೆಲ್ ಕಂಪನಿಗೆ ಒಂದು ಉಗ್ರವಾದ ಪತ್ರವನ್ನೂ ಹೇಳಿ ಬರೆಸಿದೆ. "ಹೊಲಿಗೆ ಯಂತ್ರವನ್ನೇ ಮಾಡಿಕೊಂಡಿದ್ದರೆ ತಮಗೂ ಕ್ಷೇಮ, ನಮಗೂ ಕ್ಷೇಮ" ಎಂಬುದು ಅದರ ಕೊನೆಯ ಸಾಲು. ಸುಶೀಲಾ ತುಟಿ ಕಚ್ಚಿಕೊಂಡು ಬರೆದಳು.

ಮಾರ್ಚಿ ಬಂತು. ಸುಶೀಲಾಳ ಫಿಸಿಕ್ಸ್ ಪರೀಕ್ಷೆ, ಹನ್ನೊಂದಕ್ಕೆ. ತಪ್ಪಿದರೆ ಒಂದು ವರ್ಷ ಹೋದಂತೆ. ಅಷ್ಟೇ ಅಲ್ಲ, ಊರಲ್ಲಿ ನಮ್ಮಣ್ಣ ಅವಳಿಗೊಂದು ವರ ನೋಡಿಟ್ಟು, "ನಪಾಸಾದರೆ ಓದು ಸಾಕು, ಮದುವೆ ಮಾಡಿಬಿಡೋಣ" ಎಂದು ಬರೆದಿದ್ದ. ಅವಳಿಗೆ ಅದು ಗೊತ್ತಿತ್ತು. ನನಗೂ ಅವಳು ಓದಬೇಕೆಂದೇ ಆಸೆ. ಆದ್ದರಿಂದ ಘನವಾಗಿ ಘೋಷಿಸಿದೆ: "ಪರೀಕ್ಷಾಕ್ಕ ನನ್ನ ಮಗಳು ಲೋಕಲ್ಲಿನ ಗದ್ದಲದಾಗ ಹೋಗೂದಿಲ್ಲ. ಕಾರಿನಾಗ ಹೋಗ್ತಾಳ!"

"ರೀ, ಲೋಕಲ್ಲು ಮುಟ್ಟಸ್ತೈತ್ರಿ" ಎಂದಳು ಗಂಗವ್ವ. "ನಿಮ್ಮ ಕಾರು ಮುಟ್ಟಸ್ತೈತೇನು?"

ಸುಶೀಲಾ ನನ್ನ ಮುಖ ನೋಡಿದಳು. ಇಡೀ ಬಿಲ್ಡಿಂಗಿಗೆ ನಾನು ಸಾರಿಬಿಟ್ಟಿದ್ದು ಅವಳಿಗೆ ಗೊತ್ತು. "ಆತ್ ಅಪ್ಪಾ, ಬರ್ತೀನಿ. ಆದ್ರ ಕುರ್ಲಾದಾಗ ಹತ್ತು ಹೊಡದ್ರ ನಾ ಇಳದು ಟ್ರೇನ್ ಹಿಡಿಯಾಕಿ" ಎಂದಳು. ಕರಾರು ಹಾಕುವುದರಲ್ಲಿ ನನ್ನ ಮಗಳೇ!

ಏಳೂವರೆಗೇ ಹೊರಟೆವು. ಶುಭಕಾರ್ಯವೆಂದು ಗವಸನ್ನು ಒಗೆದು, ಇಸ್ತ್ರಿ ಮಾಡಿ, ಅಂದು ಬಿಚ್ಚಿ ಬೀಳದಂತೆ ಅಂಚಿಗೆ ಹೊಲಿಗೆ ಬೇರೆ ಹಾಕಿಸಿದ್ದೆ. ಭಾಂಡುಪ್: ಮೊದಲ ಡಬ್ಬ. ವಿಕ್ರೋಳಿ: ಎರಡನೆಯದು. ಘಾಟ್‌ಕೋಪರಿನಲ್ಲಿ ಕಾರು ತಣ್ಣಗಾಗಲು ಮುಕ್ಕಾಲು ಗಂಟೆ ಹಿಡಿಯಿತು. ಕುರ್ಲಾ ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷ ಬಾಕಿ. ಕಾರು ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಹಬೆಯಲ್ಲಿ ಮುಳುಗಿ ನಿಂತಿತು.

"ಅಪ್ಪಾ, ನಾ ಇಳೀತೀನಿ" ಎಂದು ಸುಶೀಲಾ ಬಾಗಿಲಿಗೆ ಕೈ ಹಾಕಿದಳು. ಅಷ್ಟರಲ್ಲಿ ಆ ಬಾಗಿಲಿಗೇ ಅಡ್ಡವಾಗಿ ಒಬ್ಬ ಹವಾಲ್ದಾರ ನಿಂತ.

ಆಗ ಮುಂಬಯಿಯಲ್ಲಿ ಪಾನನಿರೋಧ. ಕಳ್ಳಭಟ್ಟಿ ಸಾಗಿಸುವವರು ಕಾರಿನ ಎಲ್ಲೆಲ್ಲೋ ಅಡಗಿಸಿಡುತ್ತಿದ್ದ ಕಾಲ. ಇಲ್ಲಿ ನೋಡಿದರೆ ಡಿಕ್ಕಿಯಲ್ಲಿ ಎಣ್ಣೆ ಡಬ್ಬಗಳು, ಮೂತಿಯಲ್ಲಿ ಹಬೆ, ಮೂತಿಯ ಮೇಲೆ ಹೊಲಿದು ಮುಚ್ಚಿದ ಬಟ್ಟೆ!

"ಡಬ್ಬ್ಯಾತ್ ಕಾಯ್ ಆಹೇ?" ಡಬ್ಬದಲ್ಲೇನಿದೆ ಎಂದು ಮರಾಠಿಯಲ್ಲಿ ಕೇಳಿದ.

"ಪಾಣೀ, ಸಾಹೇಬ್." ನೀರೆಂದೆ.

"ಪಾಣೀ? ಗಾಡೀತ್ ಎವ್ಢಂ ಪಾಣೀ?" ಗಾಡಿಯಲ್ಲಿ ಇಷ್ಟು ನೀರು ಯಾಕೆಂದು ಅವನು ಮೂಸಿದ. ನಂಬಲಿಲ್ಲ. "ತುಮ್ಹೀ ಪ್ಯಾ" ಎಂದು ನನಗೇ ಕುಡಿಸಿದ. ಎರಡು ಡಬ್ಬ ಉಳಿದಿದ್ದವು; ಎರಡರಿಂದಲೂ ಕುಡಿಸಿದ. ಎಣ್ಣೆಯ ವಾಸನೆಯ ಬೆಚ್ಚಗಿನ ನೀರು. ನನ್ನ ಮುಖ ಕಿವುಚಿಕೊಂಡಿತು. ಅದು ಅವನ ಅನುಮಾನವನ್ನು ಇನ್ನೂ ಹೆಚ್ಚಿಸಿತು!

ತಪಾಸಣೆ ಮುಗಿಯುವತನಕ ಯಾರೂ ಕದಲಕೂಡದು ಎಂದ. ಹತ್ತು ಹೊಡೆಯಿತು. ಹತ್ತೂ ಐದಾಯಿತು. ಸ್ಟೇಷನ್ನಿನ ಕಡೆಯಿಂದ ಒಂದು ಲೋಕಲ್ಲು ಹೊರಟ ಸದ್ದು ಕೇಳಿತು. ಸುಶೀಲಾ ಹಾಲ್ ಟಿಕೆಟ್ ತೆಗೆದು ಅದರ ಮೇಲಿನ ವೇಳೆಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಅದನ್ನು ಕಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಚೌಕಾಶಿಯ ಮಾತು ಮರೆತುಹೋಯಿತು. ಕೈಮುಗಿದು, "ಸಾಹೇಬ್, ಮುಲೀಚೀ ಪರೀಕ್ಷಾ ಆಹೇ", ಮಗಳ ಪರೀಕ್ಷೆಯಿದೆ ಎಂದೆ, ಅಷ್ಟೇ.

ಹವಾಲ್ದಾರ ಅವಳ ಕೈಯಲ್ಲಿದ್ದ ಚೀಟಿ ನೋಡಿದ. ಸ್ವಲ್ಪ ಮೆತ್ತಗಾದ. ಆದರೆ ಕೆಲಸ ಕೆಲಸವೇ. "ಹೇ ಕಾ ಝಾಕ್ಲಂ?" ಎಂದು ಗವಸಿನತ್ತ ಬೆರಳು ಮಾಡಿದ. ಏಕೆ ಮುಚ್ಚಿದೆ? ನಾನು ಖಣದ ಬೆಲೆ, ಧೂಳಿನ ಕಾಟ, ವಸ್ತುವಿನ ಮರ್ಯಾದೆ, ಎಲ್ಲ ಹೇಳತೊಡಗಿದೆ. ಅವನು ಕೇಳುತ್ತ ಕೇಳುತ್ತಲೇ ಚಾಕು ತೆಗೆದು ಹೊಲಿಗೆ ಕತ್ತರಿಸಿ, ಗವಸನ್ನು ಪರ್ರನೆ ಕಿತ್ತ. ಹಿಂದೆ ಏನೂ ಇರಲಿಲ್ಲ. ಬೆಳ್ಳಿಯ ಹಲ್ಲು ಮಾತ್ರ ನಗುತ್ತಿತ್ತು. ಗವಸನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಸಂಜೆ ಚೌಕಿಗೆ ಬಂದು ಒಯ್ಯಿ, ಈಗ ಹುಡುಗಿಯನ್ನು ಮುಟ್ಟಿಸು ಎಂದು ಮರಾಠಿಯಲ್ಲಿ ಗದರಿದ.

ಇನ್ನು ಟ್ರೇನಿಗೆ ಹೋಗಿ, ದಾದರಿನಲ್ಲಿ ಬದಲಾಯಿಸಿ ಪಾರ್ಲೆ ಸೇರುವಷ್ಟು ಹೊತ್ತಿರಲಿಲ್ಲ. ಉಳಿದ ನೀರನ್ನು ಕಾರಿಗೆ ಸುರಿದು, ದೇವರ ಮೇಲೆ ಭಾರ ಹಾಕಿ ಹೊರಟೆ. ಕಾರು ಓಡಿತು. ಒಂದು ಮೈಲಿ ಆಯಿತು, ನಿಲ್ಲಲಿಲ್ಲ. ಎರಡಾಯಿತು, ನಿಲ್ಲಲಿಲ್ಲ!

"ಅಪ್ಪಾ, ಶಾಖದ ಮುಳ್ಳು ನೋಡ್ರಿ. ನಡುವಿನ ಗೆರಿ ದಾಟಿಲ್ಲ."

"ನಾ ಗದರಿಸೀನಿ ಅದಕ್ಕ" ಎಂದೆ.

"ಗಾಳಿ ಹೋಗಾಕತ್ತೈತಿ ಅಪ್ಪಾ! ಇಂಜಿನ್ ತಣ್ಣಗ ಮಾಡೂದು ಮುಂದಿನ ಗಾಳಿ. ಹನ್ನೊಂದನೇ ಪುಟದಾಗ ಅದನ್ನ ಬರದಾರ. ನಾಲ್ಕು ಸಲ ಹೇಳಾಕ ಬಂದೆ, ನಾಲ್ಕೂ ಸಲ ನಿನಗೇನ್ ತಿಳೀತೈತಿ ಅಂದ್ರಿ."

ಹತ್ತು ಐವತ್ತೆರಡಕ್ಕೆ ಕಾಲೇಜಿನ ಗೇಟು. ಸುಶೀಲಾ ಇಳಿದು ಓಡಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನಕ್ಕಳು. ಆ ನಗೆಗೆ ಬೆಲೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಒಂದೇ ಸಲದ ಸಾಕ್ಷಿಯನ್ನು ನಂಬಬಾರದೆಂಬ ನಿಯಮ ನನ್ನದು. ಸಂಜೆ ಸುಶೀಲಾಳನ್ನು ಕರೆದುಕೊಂಡು ಮರಳುವಾಗ ಚೌಕಿಯಿಂದ ಗವಸು ಬಿಡಿಸಿಕೊಂಡು, ಹಗ್ಗದಿಂದ ಬಿಗಿದು, ಪರೀಕ್ಷೆ ಮಾಡಿದೆ. ಘಾಟ್‌ಕೋಪರಿನಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಹಬೆ! ಸುಶೀಲಾ ಇಳಿದು, ಲೋಕಲ್ ಹಿಡಿದು, ನನಗಿಂತ ಒಂದು ಗಂಟೆ ಮೊದಲು ಮನೆ ಸೇರಿ ತಾಯಿಗೆ ಎಲ್ಲ ಹೇಳಿದ್ದಳು.

ಗಂಗವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಬಂದ್ರ್ಯಾ? ನೀರು ಕಾರಿಗೆ ಬೇಕೋ, ನಿಮಗ ಬೇಕೋ?"

"ನನಗ ಬ್ಯಾಡ. ಮುಂಜಾನೆ ಬೇಕಾದಷ್ಟು ಕುಡದೀನಿ" ಎಂದೆ.

ಆ ಅಮೇರಿಕದ ಪತ್ರದ ವಿಷಯ? ಸುಶೀಲಾ ಅದನ್ನು ಅಂಚೆಗೆ ಹಾಕಿರಲೇ ಇಲ್ಲ. ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಗುರುತಿಗೆ ಇಟ್ಟಿದ್ದಳು. "ಮುಲುಂಡಿನ ಮಂದಿ ನಕ್ಕದ್ದು ಸಾಕು ಅಪ್ಪಾ, ಅಲ್ಲೀ ಮಂದೀನೂ ಯಾಕ?" ಎಂದಳು. ಗವಸು ಈಗ ನಮ್ಮ ಮನೆಯ ಬೀಸುವ ಕಲ್ಲಿನ ಮೇಲಿದೆ. ಅದಕ್ಕೆ ಗಾಳಿ ಬೇಕಿಲ್ಲ.

ಸುಶೀಲಾ ಒಳ್ಳೆಯ ಅಂಕ ತೆಗೆದಳು. ನಮ್ಮಣ್ಣನಿಗೆ ನಾನೇ ಕಾಗದ ಬರೆದೆ: ವರನಿಗೆ ಬೇರೆ ಕನ್ಯೆ ನೋಡು, ನನ್ನ ಮಗಳು ಇಂಜಿನ್ನುಗಳ ವಿದ್ಯೆಯನ್ನೇ ಓದುತ್ತಾಳೆ, ಮನೆಯಲ್ಲಿ ಒಬ್ಬರಿಗಾದರೂ ಅದು ಗೊತ್ತಿರಲಿ.

ನನ್ನ ಸಲಹೆ ಕೇಳಿ. ಕಾರಿನ ಮೂಗನ್ನು ಯಾವಾಗಲೂ ತೆರೆದಿಡಿ. ಇದನ್ನು ಕೇಳದೆಯೇ, ಪುಕ್ಕಟೆ ಹೇಳುತ್ತಿದ್ದೇನೆ. ಆದ್ದರಿಂದ ನೀವು ನಂಬುವುದಿಲ್ಲ, ಅದೂ ನನಗೆ ಗೊತ್ತು. ರಾಯರು ಈಗಲೂ ಹಿಮದ ಕಥೆಯನ್ನೇ ಹೇಳುತ್ತಾರೆ.

ಹೊಸ ಕಾಲೇಜಿನ ಮೊದಲ ದಿನ ನಾನು ಕಾರು ತೊಳೆದು, ಬರಿಮೂತಿಯಲ್ಲಿ ನಿಲ್ಲಿಸಿ, ಬಾಗಿಲು ತೆಗೆದು ಕಾಯುತ್ತಿದ್ದೆ.

"ಬ್ಯಾಡ ಅಪ್ಪಾ, ಲೋಕಲ್ಲಿಗೆ ಹೋಗ್ತೀನಿ."

"ಯಾಕವ್ವಾ? ಈಗ ಕಾರು ಒಂದಿನಾನೂ ನಿಂತಿಲ್ಲಲ್ಲ. ನಂಬಿಗಿ ಇಲ್ಲೇನು?"

"ಕಾರಿನ ಮ್ಯಾಲ ಪೂರಾ ನಂಬಿಗಿ ಐತಿ" ಎಂದಳು ಸುಶೀಲಾ. "ಮಾಲಕರ ಮ್ಯಾಲ ಇನ್ನೂ ಬರಬೇಕು."

ನಾನು ಬಿಡುವವನೆ? ಚೌಕಾಶಿಗೆ ಇಳಿದೆ. ಕಾಲೇಜಿನತನಕ ಅಂದೆ, ತಲೆಯಾಡಿಸಿದಳು. ದಾದರಿನತನಕ ಅಂದೆ, ಇಲ್ಲ. ಕುರ್ಲಾ ಎಂದಾಗ ಹವಾಲ್ದಾರನ ಹೆಸರು ತೆಗೆದಳು. ಕೊನೆಗೆ ಮುಲುಂಡ್ ಸ್ಟೇಷನ್ನಿಗೆ ಕುದುರಿತು. ನಡೆದರೆ ಮೂರು ನಿಮಿಷದ ದಾರಿ.

ಆ ಇಡೀ ದಾರಿಯಲ್ಲಿ ಕಾರು ಒಂದು ಸಲವೂ ನಿಲ್ಲಲಿಲ್ಲ!